ಏಳು ಮೀಟರ್

ಬಂದರಿನ ಧಕ್ಕೆಯಿಂದ ದೋಣಿ ಬಿಡುವಾಗ
ನಾವು ಒಂಬತ್ತು ಮಂದಿ, ಆರು ಫೋನು, ಒಂದು ಅಳತೆ ಟೇಪು,
ವಿಭಾಗದ ಕಪಾಟಿನಿಂದ ಸಹಿ ಹಾಕಿ ತಂದ
ಹಳದಿ ಜಿಪಿಎಸ್ ಪೆಟ್ಟಿಗೆ. ಅದು ಹೊತ್ತಿಕೊಳ್ಳಲೇ ಇಲ್ಲ.
ಬ್ಯಾಟರಿ ತರುವುದು ಯತಿರಾಜನ ಕೆಲಸವಾಗಿತ್ತು.

"ಎಂತ, ಸರ್ವೆಯಾ?" ಟಿಕೆಟಿನವರು ಕೇಳಿದರು.
"ಜಾಗ ಬಿಡಿಸ್ಲಿಕ್ಕೆ ಬಂದದ್ದಾ?"
ಅಲ್ಲ ಮಾರ್ರೆ, ನಕ್ಷೆ ಬಳಗ, ಯೂನಿವರ್ಸಿಟಿಯ ಮಕ್ಕಳು.
ನಂಬಲಿಲ್ಲ ಅವರು. ಚಿಲ್ಲರೆ ಮಾತ್ರ ಸರಿಯಾಗಿ ಕೊಟ್ಟರು.

ಮೇಲಿನಿಂದ ನೋಡಿದರೆ ಬೆಂಗ್ರೆ
ಹೊಳೆಗೂ ಕಡಲಿಗೂ ನಡುವೆ ಯಾರೋ ಮರೆತಿಟ್ಟ ಸೌಟು.
ಮೂರು ರಾತ್ರಿ ಲ್ಯಾಬಿನಲ್ಲಿ ಕೂತು
ಒಂದೊಂದೇ ಮಾಡಿಗೆ ನಾಲ್ಕು ಮೂಲೆ ಹೊಲಿದಿದ್ದೆವು:
ತೆಂಗಿನ ನೆರಳನ್ನು ಮನೆಯೆಂದು ನಾನು,
ಒಣಹಾಕಿದ ಬಲೆಯನ್ನು ಕೆರೆಯೆಂದು ಮುಝೈನಾ.
ಇಳಿದು ನೋಡಿದರೆ
ಕೆರೆಯ ಮೇಲೆ ನಾಯಿ ಮಲಗಿತ್ತು.

ಫೋನಿನಲ್ಲಿ ನನ್ನ ಸುತ್ತ ಒಂದು ನೀಲಿ ವೃತ್ತ.
ಏಳು ಮೀಟರ್ ಹೆಚ್ಚುಕಮ್ಮಿ, ಎನ್ನುತ್ತದೆ.
ಏಳು ಮೀಟರಿನಲ್ಲಿ ಇಲ್ಲಿ ಏನೆಲ್ಲ ಉಂಟು ಗೊತ್ತಾ?
ಎರಡು ಮನೆ, ಒಂದು ಬಾವಿ,
ಆ ಬಾವಿಯ ಬಗ್ಗೆ ಹಳೆಯದೊಂದು ಜಗಳ,
ಬಂಗುಡೆ ಕೊಯ್ಯುತ್ತ ಕೂತ ಮೂವರು,
ಅವರಲ್ಲಿ ಒಬ್ಬರ ಕಿವಿಯಲ್ಲಿ ದುಬೈಯಿಂದ ಬಂದ ಕರೆ.
ಉಪಗ್ರಹದ ಮಟ್ಟಿಗೆ ನಾನು
ಇವರಲ್ಲಿ ಯಾರೂ ಆಗಬಹುದು.

ಓಣಿಯ ಹೆಸರು ಕೇಳಿದೆವು; ಖಾಲಿ ಕಾಲಂ ಉಂಟಲ್ಲ.
ಒಬ್ಬರು ತುಳುವಿನಲ್ಲಿ ಒಂದು ಹೇಳಿದರು,
ಮೂರು ಮನೆ ದಾಟಿದರೆ ಬ್ಯಾರಿಯಲ್ಲಿ ಇನ್ನೊಂದು.
ಐಸು ಮಾರುವ ಹುಡುಗ ಎರಡನ್ನೂ ಒಪ್ಪಲಿಲ್ಲ:
"ಇದು ಕರೆಂಟು ಹೋಗುವ ಓಣಿ. ಬರೆಯಿರಿ."
ರೆನಿಟಾ ಮೂರನ್ನೂ ಬರೆದಳು.

ನಾವು ಬಂದದ್ದು ಯಾಕೆಂದರೆ, ಕಳೆದ ಆಟಿಯಲ್ಲಿ
ಮುಝೈನಾಳ ಮಾವನಿಗೆ ಎದೆನೋವು.
ಆಂಬ್ಯುಲೆನ್ಸು ಬಂದು ನಿಂತದ್ದು ಹೊಳೆಯ ಆಚೆ ದಡದಲ್ಲಿ.
ಡ್ರೈವರನಿಗೆ ಮನೆ ಕಾಣುತ್ತಿತ್ತು,
ಜಗಲಿಯಲ್ಲಿ ಕೈ ಬೀಸುವವರೂ ಕಾಣುತ್ತಿದ್ದರು.
ಫೋನು ಹೇಳುತ್ತಿತ್ತು: ಆರುನೂರು ಮೀಟರ್, ನೇರ ಹೋಗಿ.
ಕೂಳೂರು ಸುತ್ತಿ, ತಣ್ಣೀರುಬಾವಿ ದಾಟಿ ಅದು ತಲುಪುವ ಹೊತ್ತಿಗೆ
ಮಾವನನ್ನು ದೋಣಿಯಲ್ಲಿ ಮಲಗಿಸಿ ಈಚೆ ತಂದಾಗಿತ್ತು.
ಬದುಕಿದರು. ಈಗಲೂ ಆ ಕಥೆ ಹೇಳುವಾಗ
ಅವರಿಗೆ ನಗು ಬರುತ್ತದೆ, ಮುಝೈನಾಳಿಗೆ ಬರುವುದಿಲ್ಲ.

ಮಧ್ಯಾಹ್ನ, ಕಡಲಿನ ಬದಿಯ ಕೊನೆಯ ಮನೆಯಲ್ಲಿ
ವಾರಿಜಕ್ಕ ನೀರು ಕೊಟ್ಟು, ಕಡಲ ಕಡೆ ಬೆರಳು ತೋರಿಸಿದರು.
"ಅಲ್ಲಿ ನನ್ನ ಹಳೇ ಮನೆ. ನೊರೆ ಒಡೆಯುವಲ್ಲಿ ಬಚ್ಚಲು.
ತೆಂಗು ಹನ್ನೊಂದು. ಅದನ್ನೂ ಹಾಕಿ."
ಯತಿರಾಜ ನನ್ನ ಮುಖ ನೋಡಿದ.
ಬಳಗದ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ
ದೊಡ್ಡದಾಗಿ ಬರೆದವಳು ನಾನೇ:
ನೆಲದ ಮೇಲೆ ಇರುವುದನ್ನು ಮಾತ್ರ.
ಹೇಳಿದೆ. ಅವರು ಒಳಗೆ ಹೋಗಿ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಮನೆ ತೆರಿಗೆಯ ರಶೀದಿ ತಂದರು,
ಹೋದ ವರ್ಷದ್ದು, ಹಳೇ ಡೋರ್ ನಂಬರಿಗೆ ಕಟ್ಟಿದ್ದು.
"ಕಾರ್ಪೊರೇಷನಿನವರಿಗೆ ಕಾಣ್ತದೆ.
ನಿಮಗೆ ಮಾತ್ರ ಕಾಣುದಿಲ್ವಾ?"

ಇಳಿತವಿತ್ತು. ಪ್ಯಾಂಟು ಮಡಚಿ, ಫೋನು ತಲೆಯ ಮೇಲೆ ಎತ್ತಿ
ಅವರು ದಡದಿಂದ ಕೂಗಿದಂತೆ ನಡೆದೆ:
"ಇನ್ನೂ ಎಡಕ್ಕೆ! ಹಾಂ, ಅದು ಅಡುಗೆಕೋಣೆ.
ಚಪ್ಪಲಿ ಹಾಕಿ ಹೋಗ್ಬೇಡ!"
ಚಪ್ಪಲಿ ನಾನು ಮೊದಲೇ ದಡದಲ್ಲಿ ಬಿಟ್ಟಿದ್ದೆ.
ಮೊಣಕಾಲುದ್ದದ ನೀರಿನಲ್ಲಿ, ಮಾಡಿಲ್ಲ, ಮರವಿಲ್ಲ,
ಆಕಾಶಕ್ಕೆ ಅಡ್ಡವೇ ಇಲ್ಲದಲ್ಲಿ
ನೀಲಿ ವೃತ್ತ ಕುಗ್ಗಿ ಕುಗ್ಗಿ ಎರಡು ಮೀಟರಿಗೆ ಬಂದು ನಿಂತಿತು.
ಆ ದಿನ ನಮಗೆ ಸಿಕ್ಕ ಎಲ್ಲಕ್ಕಿಂತ ನಿಖರವಾದ ಮನೆ.

ಮಂಗಳವಾರ ಲ್ಯಾಬು. ಮೊದಲು ರಸ್ತೆ ಏರಿಸಿದೆವು,
ಆಮೇಲೆ ಓಣಿಗಳು, ಬಾವಿ, ಅಂಗನವಾಡಿ.
ಯತಿರಾಜ ಬ್ಯಾಟರಿ ತಂದಿದ್ದ, ನಾಲ್ಕು ಜೊತೆ;
ಹಳದಿ ಪೆಟ್ಟಿಗೆ ಕಾಂಕ್ರೀಟಿನಡಿಯಲ್ಲಿ ಕೂತು
ಒಂದೇ ಸಮನೆ ಉಪಗ್ರಹ ಹುಡುಕುತ್ತಿತ್ತು.
ನಾಲ್ಕು ಬಿಂದು ಸೇರಿಸಿದ ಕೂಡಲೇ ಕೆಂಪು ಎಚ್ಚರಿಕೆ:
ಕಟ್ಟಡ ನೀರಿನೊಳಗಿದೆ. ಅಳಿಸಬೇಕೇ?
ನಾವು ಏರಿಸಲಿಲ್ಲ. ನಿಯಮ ನಿಯಮವೇ.
ಅಳಿಸಲೂ ಇಲ್ಲ. ಬೇರೆ ಕಡತ ತೆರೆದೆವು.
ಹೆಸರು ಕೇಳಿತು.
ಹನ್ನೊಂದು ತೆಂಗು, ಎಂದು ರೆನಿಟಾ ಟೈಪು ಮಾಡಿದಳು.